ಇದು ಯಾರಿಗೆ ಬೇಕು ಎಂದು ಕೇಳುವ ಕೆಲಸ

ಕೇಳುಗರಿಗೆ ನಮಸ್ಕಾರ. ವಿಜ್ಞಾನವನ್ನೋ ಎಂಜಿನಿಯರಿಂಗನ್ನೋ ಓದುತ್ತಿದ್ದೀರಿ. ಬದುಕೆಲ್ಲ ಪ್ರಯೋಗಾಲಯದಲ್ಲೇ ಕಳೆಯಲು ಮನಸ್ಸಿಲ್ಲ, ವಿಜ್ಞಾನವನ್ನು ಬಿಟ್ಟುಬಿಡಲೂ ಮನಸ್ಸಿಲ್ಲ. ನನ್ನ ಈ ಮಾತು ನಿಮಗಾಗಿ.

ಪ್ರಯೋಗಾಲಯದಲ್ಲಿ ಹುಟ್ಟಿದ ಆವಿಷ್ಕಾರವನ್ನು ಮಾರುಕಟ್ಟೆಗೆ ಮುಟ್ಟಿಸುವುದೇ ಒಂದು ವೃತ್ತಿ. ವಿಶ್ವವಿದ್ಯಾಲಯಗಳ ತಂತ್ರಜ್ಞಾನ ವರ್ಗಾವಣೆ ಕಚೇರಿಗಳಲ್ಲಿ ಅದು ದಿನನಿತ್ಯದ ಕೆಲಸ. ಆ ಕಚೇರಿಯೊಳಗೆ ಕಾಲಿಡಲು ಇಂಟರ್ನ್‌ಶಿಪ್‌ನಷ್ಟು ಒಳ್ಳೆಯ ದಾರಿ ಬೇರೆ ಇಲ್ಲ. ಆದರೆ ಅಲ್ಲಿಗೆ ಹೋದ ಅನೇಕರು ಹಳೆಯ ಪೇಟೆಂಟ್‌ಗಳನ್ನು ಹುಡುಕುತ್ತಾ ಪರದೆಯ ಮುಂದೆಯೇ ಕುಳಿತು, ಕೊನೆಗೆ ಪ್ರಮಾಣಪತ್ರ ಹಿಡಿದು ಹೊರಬರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೊಳ್ಳುವವರೊಂದಿಗೆ ಮಾತನಾಡುವ ಕೆಲಸವನ್ನು ಕೇಳಿ ಪಡೆದುಕೊಳ್ಳಿ. ಇಂದು ನಾನು ಹೇಳಬೇಕಾಗಿರುವುದು ಇದೊಂದೇ.

ಇದಕ್ಕೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕಥೆ ಕೇಳಿ. ಅಲ್ಲಿನ ಆವಿಷ್ಕಾರಗಳ ಪೇಟೆಂಟ್ ಕೆಲಸವನ್ನು ಹೊರಗಿನ ಸಂಸ್ಥೆಯೊಂದು ನೋಡಿಕೊಳ್ಳುತ್ತಿತ್ತು. 1954ರಿಂದ 1967ರವರೆಗೆ ವಿಶ್ವವಿದ್ಯಾಲಯಕ್ಕೆ ಬಂದ ಹಣ ಒಟ್ಟು ಐದು ಸಾವಿರ ಡಾಲರನ್ನೂ ಮುಟ್ಟಿರಲಿಲ್ಲ. 1968ರಲ್ಲಿ ನೀಲ್ಸ್ ರೈಮರ್ಸ್ ಅಲ್ಲಿಗೆ ಕೆಲಸಕ್ಕೆ ಸೇರಿದರು. ಪೇಟೆಂಟ್ ಪಡೆಯುವುದಕ್ಕಿಂತ ಅದನ್ನು ಬಳಸುವವರನ್ನು ಹುಡುಕುವುದು ಮುಖ್ಯ ಎಂಬುದು ಅವರ ನಿಲುವು. ಪ್ರಾಯೋಗಿಕವಾಗಿ ಆರಂಭಿಸಿದ ಮೊದಲ ವರ್ಷವೇ ಐವತ್ತು ಸಾವಿರ ಡಾಲರಿಗೂ ಹೆಚ್ಚು ಬಂತು! ವಿಜ್ಞಾನಿಗಳು ಅವರೇ, ಪ್ರಯೋಗಾಲಯಗಳೂ ಅವೇ. ಬದಲಾದದ್ದು ಕೊಳ್ಳುವವರ ಬಾಗಿಲು ತಟ್ಟುವ ರೀತಿ.

1974ರಲ್ಲಿ ವಂಶವಾಹಿಗಳನ್ನು ಜೋಡಿಸುವ ವಿಧಾನದ ಕುರಿತ ಪತ್ರಿಕಾ ವರದಿಯೊಂದು ರೈಮರ್ಸ್ ಅವರ ಕಣ್ಣಿಗೆ ಬಿತ್ತು. ಅದು ಸ್ಟ್ಯಾನ್‌ಫರ್ಡ್‌ನ ವಿಜ್ಞಾನಿ ಸ್ಟ್ಯಾನ್ಲಿ ಕೋಹೆನ್ ಮತ್ತು ಅವರ ಜೊತೆಗಾರ ಹರ್ಬರ್ಟ್ ಬೋಯರ್ ಅವರ ಕೆಲಸ. ರೈಮರ್ಸ್ ಕೂಡಲೇ ಕೋಹೆನ್ ಅವರನ್ನು ಸಂಪರ್ಕಿಸಿದರು. ಕೋಹೆನ್ ಹಿಂಜರಿದರು: ಇದು ಎಷ್ಟೋ ಜನರ ಹಿಂದಿನ ಸಂಶೋಧನೆಗಳ ಮೇಲೆ ನಿಂತದ್ದು, ಇದಕ್ಕೆ ಪೇಟೆಂಟ್ ಏಕೆ? ರೈಮರ್ಸ್ ಒಪ್ಪಿಸಿದರು. ಪ್ರಬಂಧ ಪ್ರಕಟವಾಗಿ ಒಂದು ವರ್ಷ ದಾಟಿದ್ದರೆ ಅಮೆರಿಕದಲ್ಲಿಯೂ ಹಕ್ಕು ಕೈತಪ್ಪುತ್ತಿತ್ತು. ಗಡುವಿಗೆ ಕೆಲವೇ ದಿನಗಳಿರುವಾಗ ಅರ್ಜಿ ಸಲ್ಲಿಕೆಯಾಯಿತು. 1980ರಲ್ಲಿ ಪೇಟೆಂಟ್ ಸಿಕ್ಕಿತು. ಆಮೇಲೆ ಅವರು ಒಂದೇ ಕಂಪನಿಗೆ ಹಕ್ಕನ್ನು ಕಟ್ಟಿಕೊಡಲಿಲ್ಲ. ಹತ್ತು ಸಾವಿರ ಡಾಲರ್ ಆರಂಭಿಕ ಶುಲ್ಕ ನಿಗದಿಪಡಿಸಿ ಎಲ್ಲರಿಗೂ ಪರವಾನಗಿ ತೆರೆದಿಟ್ಟರು. 1981ರ ಡಿಸೆಂಬರ್ ವೇಳೆಗೆ 73 ಕಂಪನಿಗಳು ಸಹಿ ಹಾಕಿದ್ದವು. ಕೊಳ್ಳುವವರಿಗೆ ಎಷ್ಟು ಭಾರ ಹೊರಲು ಸಾಧ್ಯ ಎಂದು ತಿಳಿದವರು ಮಾತ್ರ ಹಾಗೆ ಬೆಲೆ ಕಟ್ಟಬಲ್ಲರು. ಈ ಪರವಾನಗಿಗಳಿಂದ ಒಟ್ಟಾರೆ ಬಂದ ಆದಾಯ 25 ಕೋಟಿ ಡಾಲರಿಗೂ ಮೇಲೆ.

ಈ ಕಥೆ ಹೇಳತೊಡಗಿದರೆ ನನಗೆ ನಿಲ್ಲಿಸಲು ಮನಸ್ಸೇ ಬರುವುದಿಲ್ಲ, ಸಮಯ ಓಡುತ್ತಿದೆ.

ನಿಮ್ಮ ವಿಷಯಕ್ಕೆ ಬರೋಣ. ಒಂದು ಹೊಸ ಲೇಪನದ ಕಡತ ನಿಮ್ಮ ಮೇಜಿಗೆ ಬಂದಿದೆ ಎನ್ನಿ. ಲೋಹಕ್ಕೆ ತುಕ್ಕು ಹಿಡಿಯುವುದಿಲ್ಲ ಎಂದು ವಿಜ್ಞಾನಿ ಬರೆದಿದ್ದಾರೆ. ನೀವು ಒಬ್ಬ ತಯಾರಕರಿಗೆ ಫೋನ್ ಮಾಡುತ್ತೀರಿ. ಅವರು ಕೇಳುವುದು ತುಕ್ಕಿನ ವಿಷಯವನ್ನಲ್ಲ, "ಒಣಗಲು ಎಷ್ಟು ಹೊತ್ತು ಬೇಕು? ನಮ್ಮ ಉತ್ಪಾದನಾ ಸಾಲಿನಲ್ಲಿ ಅಷ್ಟು ಹೊತ್ತು ನಿಲ್ಲಿಸಲು ಆಗುವುದಿಲ್ಲ" ಎಂದು. ಈ ಪ್ರಶ್ನೆ ಯಾವ ಪೇಟೆಂಟ್ ದಾಖಲೆಯಲ್ಲಿಯೂ ಇರುವುದಿಲ್ಲ. ಅದನ್ನು ವಿಜ್ಞಾನಿಗೆ ತಲುಪಿಸಿದ ಇಂಟರ್ನ್ ಅಂದಿನಿಂದ ಆ ಕಚೇರಿಗೆ ಬೇಕಾದ ವ್ಯಕ್ತಿ.

ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಅರ್ಜಿ ಸಲ್ಲಿಸುವ ಮೊದಲು ಆವಿಷ್ಕಾರದ ಗುಟ್ಟನ್ನು ಹೊರಗೆ ಆಡಬೇಡಿ. ಅನೇಕ ದೇಶಗಳಲ್ಲಿ ಅಲ್ಲಿಗೇ ಹಕ್ಕು ಮುಗಿಯುತ್ತದೆ. ಮೊದಲ ಅರ್ಜಿಯಿಂದ ಹನ್ನೆರಡು ತಿಂಗಳೊಳಗೆ ಅಂತರರಾಷ್ಟ್ರೀಯ ಅರ್ಜಿ ಹಾಕಬೇಕು ಎಂಬುದನ್ನು ಕಲಿಯಿರಿ. ಗೋಪ್ಯತೆಯ ಒಪ್ಪಂದಕ್ಕೆ ಓದದೆ ಸಹಿ ಹಾಕಬೇಡಿ. ಗುಟ್ಟು ಬಿಡದೆ ತಂತ್ರಜ್ಞಾನವನ್ನು ಒಂದೇ ಪುಟದಲ್ಲಿ ಪರಿಚಯಿಸಲು ಕಲಿಯಿರಿ. ಕಚೇರಿ ಅದನ್ನು ಪ್ರಕಟಿಸಿದರೆ, ಮುಂದಿನ ಸಂದರ್ಶನದಲ್ಲಿ ತೋರಿಸಲು ನಿಮ್ಮ ಬಳಿ ಇರುವುದು ಅದೇ ಪುಟ.

ಇಂಟರ್ನ್‌ಶಿಪ್‌ಗೆ ಪತ್ರ ಬರೆಯುವಾಗ "ಕಲಿಯುವ ಆಸಕ್ತಿ ಇದೆ" ಎಂದಷ್ಟೇ ಬರೆಯಬೇಡಿ. ಆ ಕಚೇರಿ ಪ್ರಕಟಿಸಿರುವ ಒಂದು ತಂತ್ರಜ್ಞಾನವನ್ನು ಆರಿಸಿಕೊಳ್ಳಿ, ಅದನ್ನು ಕೊಳ್ಳಬಹುದಾದ ಐದು ಕಂಪನಿಗಳ ಹೆಸರು ಬರೆಯಿರಿ, ಪ್ರತಿಯೊಂದರ ಮುಂದೆಯೂ ಅವರಿಗೆ ಅದು ಏಕೆ ಬೇಕು ಎಂದು ಒಂದು ಸಾಲು ಸೇರಿಸಿ, ಈ ವಾರವೇ ಕಳುಹಿಸಿ. ನಮಸ್ಕಾರ.