304 ಆದ್ಮೇಲೆ ಮತ್ತೆ 289

ಮೈಸೂರಿನ ಕುಕ್ಕರಹಳ್ಳಿ ಕೆರೆ. ನನ್ ಹಿಂದೆ ಕಾಣ್ತಿರೋದು ಹೆಜ್ಜಾರ್ಲೆ, ಅಂದ್ರೆ ಪೆಲಿಕನ್; ಅದನ್ನ ಕೊಕ್ಕರೆ ಅಂದವರನ್ನ ನಮ್ಮಪ್ಪ ಬಯ್ತಾರೆ. ನಾನು ಬಂದಿದ್ದು ಹಕ್ಕಿ ನೋಡೋಕಲ್ಲ, ಈ ಕಾದಂಬರಿ ಮುಗಿಸೋಕೆ. ಇಂಗ್ಲೆಂಡಿನ ಕಥೆ. ಹಾಸ್ಟೆಲ್‌ನಲ್ಲಿ ಒಂದೇ ರೂಮಲ್ಲಿದ್ದ ಇಬ್ಬರು ಗೆಳತಿಯರು. ಇಪ್ಪತ್ತು ವರ್ಷ ಆದ್ಮೇಲೆ ಒಬ್ಬಳಿಗೆ ಮಗು ಆಗಲ್ಲ, ಇನ್ನೊಬ್ಬಳು "ನಾನು ಹೊರ್ತೀನಿ ಬಿಡು" ಅಂತಾಳೆ. ಬಾಡಿಗೆ ತಾಯಿ. ಒಂದು ಪೌಂಡೂ ಬೇಡ ಅಂದವಳಿಗೆ ಎಲ್ಲಿಯ ಬಾಡಿಗೆ? ಆ ಪದಾನೇ ನಂಗಾಗಲ್ಲ, ಗೇಟಿಗೆ ‘ಮನೆ ಬಾಡಿಗೆಗಿದೆ’ ಬೋರ್ಡ್ ತೂಗುಹಾಕ್ದಂಗೆ.

ಈಗ ನನ್ ಹೊಟ್ಟೆ ಉರಿ ಕೇಳಿ. ಹಳೇ ಪುಸ್ತಕದ ಅಂಗಡೀಲಿ 180 ರೂಪಾಯಿ ಕೊಟ್ಟು ತಂದಿದ್ದು. 150ಕ್ಕೆ ಕೇಳಿದ್ರೆ, "ಹೊಸದೇ ಅಕ್ಕಾ, ಯಾರೂ ತೆರೆದೇ ಇಲ್ಲ" ಅಂದ್ರು. ನಿನ್ನೆ ರಾತ್ರಿ ಏನಾಯ್ತು ಅಂದ್ರೆ, ಮಗು ಮನೆಗೆ ಬಂದಿದೆ, ಹೆತ್ತವಳು ಮಧ್ಯರಾತ್ರಿ ಗೆಳತಿ ಮನೆ ಹಿಂಬಾಗಿಲಿಗೆ ಬೀಗದ ಕೈ ಹಾಕ್ತಾಳೆ, ಪುಟ 304. ಪಕ್ಕದ ಪುಟ ನೋಡಿದ್ರೆ 289! ಅದೇ ಆಸ್ಪತ್ರೆ, ಅದೇ ನರ್ಸು. ಮತ್ತೆ 304ಕ್ಕೆ ಬಂದು ಅಲ್ಲಿಂದ ಸೀದಾ 321. ಇದು ಹದಿನಾರು ಹದಿನಾರು ಪುಟದ ಕಂತೆ, ಅಂದ್ರೆ ಫಾರಂ, ಜೋಡಿಸಿ ಹೊಲಿದಿರೋ ಪುಸ್ತಕ. ಹತ್ತೊಂಬತ್ತನೇ ಫಾರಂ ಎರಡು ಸಲ ಇಟ್ಟು, ಇಪ್ಪತ್ತನೇದನ್ನ ಮರೆತಿದಾರೆ. ಮರೆಯೋದೇ ಆದ್ರೆ ಮೂರನೇದು ಮರೀಬಾರ್ದಿತ್ತಾ, ಅದರ ತುಂಬ ಬರೀ ಪರದೆ ಬಟ್ಟೆ ವರ್ಣನೆ! 321ರಲ್ಲಿ ಎಲ್ಲರೂ ಕಪ್ಪು ಬಟ್ಟೆ ಹಾಕ್ಕೊಂಡು ನಿಂತಿದಾರೆ. ಯಾರಿಗೆ ಏನಾಯ್ತು? ಅಲ್ಲಿಗೇ ಮುಚ್ಚಿಟ್ಟೆ.

ಮೊದಲು ಹೆತ್ತವಳೇ ವಿಲನ್ ಅಂದ್ಕೊಂಡಿದ್ದೆ. ಈಗ ಇನ್ನೊಬ್ಬಳ ಮೇಲೇ ನಂಗೆ ಅನುಮಾನ. ಸೇಬು ಹೆಚ್ಚಿ ಕೊಟ್ಟು, ಬಸುರಿ ಎಷ್ಟು ಹೋಳು ತಿಂದ್ಲು ಅಂತ ಎಣಿಸ್ತಾ ಕೂರ್ತಾಳೆ. ಇಂಗ್ಲೆಂಡಲ್ಲಿ ಹೆತ್ತವಳೇ ಕಾನೂನಿನ ತಾಯಿ. ಹೆತ್ತು ಆರು ವಾರ ಕಳೆಯೋ ಮುಂಚೆ ಮಗು ಬಿಟ್ಟುಕೊಡೋಕೆ ಅವಳು ಒಪ್ಪಿಗೆ ಕೊಟ್ರೂ ಅದು ಒಪ್ಪಿಗೆ ಅಲ್ಲ, ಆಮೇಲೂ ಕೋರ್ಟ್ ಆದೇಶ ಆಗ್ಬೇಕು. ಇವಳ ಭಯ ಎಲ್ಲಾ ಆ ಆರು ವಾರದ್ದೇ.

ನಮ್ಮಲ್ಲಿ ಈ ಕಥೆ ನಡೆಯೋದೇ ಇಲ್ಲ. 2021ರ ಬಾಡಿಗೆ ತಾಯ್ತನ ಕಾಯ್ದೆ ಪ್ರಕಾರ ಹುಟ್ಟಿದ ಮಗು ದಂಪತಿದೇ. ಹೊರೋಳು ಮನಸ್ಸು ಬದಲಾಯಿಸೋದಿದ್ರೆ ಭ್ರೂಣ ಗರ್ಭಕ್ಕೆ ಸೇರಿಸೋ ಮುಂಚೆನೇ. ದುಡ್ಡು ಕೊಡಂಗಿಲ್ಲ, ಆಸ್ಪತ್ರೆ ಖರ್ಚು, ನಿಯಮದಲ್ಲಿ ಹೇಳಿರೋ ಬೇರೆ ಖರ್ಚು, 36 ತಿಂಗಳ ವಿಮೆ, ಇಷ್ಟೇ. ಹೊರೋಳಿಗೆ ಸ್ವಂತ ಮಗು ಇರ್ಬೇಕು, ವಯಸ್ಸು 25ರಿಂದ 35. ಕಾದಂಬರಿಯವಳಿಗೆ ನಲವತ್ತು, ಮೈಸೂರಾಗಿದ್ರೆ ಮೊದಲನೇ ಅಧ್ಯಾಯದಲ್ಲೇ ಡಾಕ್ಟ್ರು ಮನೆಗೆ ಕಳಿಸ್ತಿದ್ರು.

ಅಲ್ಲಾ, ಗೆಳತಿಗೋಸ್ಕರ ಒಂಬತ್ತು ತಿಂಗಳು! ನನ್ನ ಕಾಲೇಜು ಗೆಳತಿ ಮಂಡ್ಯದಲ್ಲಿದಾಳೆ, ಇಸ್ಕೊಂಡ ಛತ್ರಿನೇ ಇನ್ನೂ ವಾಪಸ್ ಕೊಟ್ಟಿಲ್ಲ, ಅವಳು ಮಗು ಹೆತ್ತು ಕೊಡ್ತಾಳಾ. ಪಾಪ, ಹಂಗನ್ನಬಾರ್ದು. ಇದೇ ಪುಸ್ತಕ ಅವಳ ಹತ್ರ ಇದೆ, ಬೆಳಿಗ್ಗೆ ಆ ಹದಿನಾರು ಪುಟದ ಫೋಟೋ ಕಳಿಸಿದ್ಲು. ಅದನ್ನ ಓದೋಣ ಅಂತಾನೇ ಇಲ್ಲಿ ಕೂತಿದ್ದು.

ಅಯ್ಯೋ, ವಾಚ್‌ಮನ್ ವಿಷಲ್ ಊದ್ತಿದಾರೆ, ಗೇಟ್ ಹಾಕೋ ಹೊತ್ತು. ಬೇಗ ಬೇಗ... 309, 310, ಹಿಂಬಾಗಿಲು ತೆಗೀತು, ಒಳಗೆ ನಿಂತಿರೋದು... ಲೇ! ಪುಟ 311ರ ಮೇಲೆ ಅವಳ ಹೆಬ್ಬೆರಳು.