ಹತ್ತಿ ಹೂವಿನ ಗಡಿಯಾರ

ಕೇಳುಗರಿಗೆ ನಮಸ್ಕಾರ.

ಹತ್ತಿ ಹೂವಿಗೂ ಗಡಿಯಾರ ಇದೆ ಅಂದರೆ ನಗಬೇಡಿ. ರಾಯಚೂರು, ಕೊಪ್ಪಳದ ಕಡೆ ಬೀಜದ ಹತ್ತಿ ಬೆಳೆಯುವವರನ್ನು ಕೇಳಿ ನೋಡಿ.

ಇದು ಬಟ್ಟೆಗೆ ಹೋಗುವ ಹತ್ತಿಯಲ್ಲ. ಮುಂದಿನ ವರ್ಷ ಬೇರೆ ರೈತರು ಬಿತ್ತುವ ಹೈಬ್ರಿಡ್ ಬೀಜ ಇಲ್ಲಿ ತಯಾರಾಗುತ್ತದೆ. ನಾಳೆ ಅರಳುವ ಮೊಗ್ಗನ್ನು ಇವತ್ತು ಸಂಜೆಯೇ ಹುಡುಕಬೇಕು. ಉಗುರಿನಿಂದ ಸೀಳಿ, ಗಂಡು ಭಾಗವನ್ನೆಲ್ಲ ತೆಗೆಯಬೇಕು. ನಡುವಿನ ಹೆಣ್ಣು ಭಾಗಕ್ಕೆ ಪೆಟ್ಟಾಗಬಾರದು. ಬೆಳಿಗ್ಗೆ ಬೇರೆ ತಳಿಯ ಹೂವು ತಂದು ಅದಕ್ಕೆ ಸವರಬೇಕು. ಇದಕ್ಕೆ ಕ್ರಾಸಿಂಗ್ ಅಂತಾರೆ. ಬಿಸಿಲೇರಿದರೆ ಪರಾಗದ ಕಸುವು ಹೋಯಿತು. ಒಂದೊಂದೇ ಹೂವು, ದಿನಾ, ಎರಡು ತಿಂಗಳ ಹತ್ತಿರ.

ಹೈಬ್ರಿಡ್ ಹತ್ತಿ ನಮಗೆ ಹೊಸದೇನಲ್ಲ. ಹೆಸರುವಾಸಿಯಾದ ವರಲಕ್ಷ್ಮಿ ತಳಿ 1972ರಲ್ಲಿ ಬಂದದ್ದು ನಮ್ಮ ಧಾರವಾಡದಿಂದಲೇ. ಆದರೆ ಈ ಹೂವುಗಳ ಮುಂದೆ ಬಾಗಿ ನಿಂತವರಲ್ಲಿ ಎಷ್ಟೋ ಮಂದಿ ಮಕ್ಕಳು. ಅದರಲ್ಲೂ ಹುಡುಗಿಯರೇ ಜಾಸ್ತಿ.

‘ಸಣ್ಣ ಬೆರಳೇ ಬೇಕು, ದೊಡ್ಡವರಿಗೆ ಆಗಲ್ಲ’ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಮಲ್ಲಿಗೆ ಮೊಗ್ಗನ್ನು ಮಾರುದ್ದ ಕಟ್ಟುವವರು ದೊಡ್ಡ ಹೆಂಗಸರೇ ಅಲ್ವಾ? ಬೆರಳಿನ ಮಾತು ಸುಮ್ನೆ. ಮಗುವಿಗೆ ಕೂಲಿ ಕಡಿಮೆ, ಎದುರುತ್ತರ ಇಲ್ಲ. ಮೇಲಾಗಿ ಅಪ್ಪ ಮುಂಗಡ ತಗೊಂಡಿರುತ್ತಾನೆ.

ಕಾನೂನು ಏನನ್ನುತ್ತದೆ? ಬಾಲಕಾರ್ಮಿಕ ಕಾನೂನಿಗೆ 2016ರಲ್ಲಿ ತಿದ್ದುಪಡಿಯಾದ ಮೇಲೆ 14 ವರ್ಷದೊಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಇಟ್ಟುಕೊಂಡವರಿಗೆ 6 ತಿಂಗಳಿಂದ 2 ವರ್ಷ ಜೈಲು, ಇಲ್ಲವೇ 20 ಸಾವಿರದಿಂದ 50 ಸಾವಿರ ರೂಪಾಯಿ ದಂಡ, ಅಥವಾ ಎರಡೂ. ಒಂದು ಸಡಿಲಿಕೆ ಉಂಟು. ತನ್ನ ಮನೆಯವರ ಅಪಾಯವಿಲ್ಲದ ಕೆಲಸದಲ್ಲಿ, ಸ್ವಂತ ಹೊಲದಲ್ಲಿ, ಶಾಲೆ ಬಿಟ್ಟ ಮೇಲೆ ಮತ್ತು ರಜೆಯಲ್ಲಿ ಮಗು ಕೈಜೋಡಿಸಬಹುದು.

ನನ್ನ ತಕರಾರು ಇಲ್ಲೇ ಇರುವುದು. ‘ನಮ್ಮದೇ ಹೊಲ, ನಮ್ಮದೇ ಮಗಳು’ ಅಂತ ಹಲವರು ಹೇಳುತ್ತಾರೆ. ಸಂಜೆ ಮೊಗ್ಗು ಬಿಡಿಸುವುದನ್ನು ಶಾಲೆ ಬಿಟ್ಟ ಮೇಲಿನ ಕೆಲಸ ಅನ್ನಿ, ಆಯಿತು. ಬೆಳಗಿನದ್ದು? ಹೂವಿಗೆ ಪರಾಗ ಸವರುವ ಹೊತ್ತಿಗೇ ಶಾಲೆಯ ಗಂಟೆ ಹೊಡೆಯುತ್ತದೆ. ಎರಡೂ ಕಡೆ ಇರಲು ಯಾವ ಮಗುವಿಗೂ ಆಗುವುದಿಲ್ಲ. ಹತ್ತಿಗೆ ಹೊಡೆಯುವ ಔಷಧದ ಮಾತು ಬೇರೆಯೇ.

ಇಂಥ ಮಗು ಶಾಲೆ ಬಿಟ್ಟಿದೆ ಅಂತ ಯಾರೂ ಬರೆದುಕೊಳ್ಳುವುದಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರು ಇದ್ದೇ ಇರುತ್ತದೆ. ದೀಪಾವಳಿ ಹೊತ್ತಿಗೆ ಹುಡುಗಿ ವಾಪಸ್ ಬರುತ್ತಾಳೆ. ಅಷ್ಟರಲ್ಲಿ ಭಿನ್ನರಾಶಿಯ ಪಾಠ ಮುಗಿದಿರುತ್ತದೆ. ಮಾರನೇ ವರ್ಷ ಬರುವುದೇ ಇಲ್ಲ.

ಶಾಲಾಭಿವೃದ್ಧಿ ಸಮಿತಿಯವರೇ, ಹೂ ಬಿಡುವ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಆ ಪುಸ್ತಕ ತೆರೆದು ನೋಡಿ. ರೈತರೇ, ಬೀಜದ ಕಂಪನಿಯವರ ಜೊತೆ ರೇಟು ಮಾತಾಡುವಾಗ, ಬಿತ್ತುವ ಮುಂಚೆಯೇ, ದೊಡ್ಡವರ ಕೂಲಿ ಹಿಡಿದು ಲೆಕ್ಕ ಹಾಕಿ. ಆ ರೇಟಿಗೆ ದೊಡ್ಡವರ ಕೂಲಿ ಗಿಟ್ಟದಿದ್ದರೆ ನಷ್ಟವನ್ನು ಮಗುವಿನ ತಲೆಗೆ ಕಟ್ಟುತ್ತಿದ್ದೀರಿ ಅಂತಲೇ ಅರ್ಥ.

ನಾಳೆ ಬೆಳಿಗ್ಗೆ ನಿಮ್ಮೂರ ಕಟ್ಟೆಯ ಹತ್ತಿರ ಕೂಲಿಯವರನ್ನು ಹೊಲಕ್ಕೆ ಒಯ್ಯುವ ಟಂಟಂ ಆಟೊ ನಿಂತಿದ್ದರೆ, ಒಳಗೆ ಯಾರು ಕೂತಿದ್ದಾರೆ ಅಂತ ಒಮ್ಮೆ ಬಗ್ಗಿ ನೋಡಿ. ಮಕ್ಕಳಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ದುಡ್ಡು ಬೀಳುವುದಿಲ್ಲ. ನಮಸ್ಕಾರ.