ಮದ್ದು ಯಾಕೆ ನಾಟಲಿಲ್ಲ ಅಂತ ಯಾರೂ ಕೇಳಲಿಲ್ಲ

ಬಳ್ಳಾರಿಯಲ್ಲಿ ನಮ್ಮ ಅತ್ತೆಯ ಮನೆಯ ಬೀರುವಿನಲ್ಲಿ, ಹೊಲದ ಪಹಣಿ, ಎಲ್‌ಐಸಿ ಬಾಂಡ್ ಇಟ್ಟಿರುವ ಕಡೆಯೇ ಒಂದು ಜಿಪ್ ಕವರ್ ಇದೆ. ಅದರೊಳಗೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಮೇಣದ ಬಿಲ್ಲೆ. ಹಿಂದೆ ಪ್ಲಾಸ್ಟಿಕ್ ಜಾಲರಿ, ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದ ನಂಬರ್. ಬೆಳಕಿಗೆ ಹಿಡಿದರೆ ಬಿಳಿ ಮೇಣದ ಮಧ್ಯೆ ತೊಗರಿಬೇಳೆಯಷ್ಟು ಒಂದು ಕಂದು ಚುಕ್ಕೆ ಕಾಣುತ್ತದೆ. ಅದು ನಮ್ಮ ಮಾವನ ಗಡ್ಡೆಯ ಚೂರು. ಮಾವ ಈಗಿಲ್ಲ. ಚೂರು ಇದೆ.

ಆಸ್ಪತ್ರೆಯಲ್ಲಿ ಇದಕ್ಕೆ ಬ್ಲಾಕ್ ಅನ್ನುತ್ತಾರೆ. ಮನೆಯಲ್ಲಿ ಕ್ಯಾನ್ಸರ್ ನೋಡಿದವರಿಗೆಲ್ಲ ಈ ಮಾತು ಗೊತ್ತಿರುತ್ತದೆ. "ಸ್ಲೈಡು, ಬ್ಲಾಕು ತಗೊಂಡು ಬನ್ನಿ" ಅಂತ ಹೇಳಿದಾಗ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಬಸ್ಸಿನಲ್ಲಿ, ತೊಡೆಯ ಮೇಲೆ ಇಟ್ಟುಕೊಂಡು ಹೋಗುತ್ತೇವಲ್ಲ, ಅದೇ.

ಮಾವ ಮೂವತ್ತು ವರ್ಷ ಜರ್ದಾ ಹಾಕಿದವರು. ಎಡಗೆನ್ನೆಯೊಳಗೆ, ಒಸಡಿನ ಪಕ್ಕ, ಯಾವಾಗಲೂ ಅದೇ ಜಾಗ. ಗಡ್ಡೆ ಬಂದದ್ದೂ ಅಲ್ಲೇ. ಆಪರೇಷನ್ ಆಯಿತು, ಕರೆಂಟ್ ಕೊಟ್ಟರು, ಕೀಮೋ ಆಯಿತು, ಮತ್ತೆ ಬಂತು. ಆಮೇಲೆ ಡಾಕ್ಟರು ಇಮ್ಯುನೋಥೆರಪಿ ಅಂದರು. ಎರಡು ಎಕರೆ ಮಾರಿದರು. ಆಗ ಮಾವನ ಬಾಯೊಳಗೆ ಎರಡು ಬೆರಳು ಹೋಗುತ್ತಿರಲಿಲ್ಲ, ಅಷ್ಟು ಬಿಗಿದುಕೊಂಡಿತ್ತು. ಮೂರನೇ ಡೋಸ್ ಆದ ಮೇಲೆ ಒಂದು ದಿನ ಅತ್ತೆ ಫೋನ್ ಮಾಡಿ, ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ ತಿಂದರು ಕಣೋ ಅಂತ ಅಳೋಕೆ ಶುರು ಮಾಡಿದರು. ನಾವೆಲ್ಲ ಗೆದ್ದೆವು ಅಂದುಕೊಂಡೆವು. ಐದು ತಿಂಗಳು. ಆಮೇಲೆ ಗಡ್ಡೆ ಮತ್ತೆ ಬೆಳೆಯಿತು, ಅದೇ ಔಷಧಿ ನಡೆಯುತ್ತಿರುವಾಗಲೇ.

ಆಗ ಏನೇನು ಮಾತು ಕೇಳಿದೆವು ಗೊತ್ತಾ? ಬಾಡಿ ತಗೊಳ್ಳಲಿಲ್ಲ. ಮದ್ದು ನಾಟಲಿಲ್ಲ. ತಿಥಿಯ ದಿನ ಊಟಕ್ಕೆ ಕೂತಾಗ ಒಬ್ಬರು, ಅವರಿಗೆ ವಿಲ್ ಪವರ್ ಕಡಿಮೆ ಇತ್ತು ಅಂದರು. ಅತ್ತೆ ಬಡಿಸುತ್ತಿದ್ದವರು ಹಾಗೇ ನಿಂತುಬಿಟ್ಟರು.

ನಾನು ಡಾಕ್ಟರ್ ಅಲ್ಲ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಆವತ್ತಿಂದ ಓದುತ್ತಾ ಬಂದಿದ್ದೇನೆ. ಇಮ್ಯುನೋಥೆರಪಿ ಕೆಲವರಲ್ಲಿ ಯಾಕೆ ಕೆಲಸ ಮಾಡುವುದಿಲ್ಲ, ಕೆಲವರಲ್ಲಿ ಮಾಡಿ ಯಾಕೆ ನಿಂತುಹೋಗುತ್ತದೆ? ಇದಕ್ಕೆ ಕಾರಣ ಇದೆ, ಮತ್ತು ಆ ಕಾರಣವನ್ನು ಕಣ್ಣಾರೆ ನೋಡಬಹುದು. ಮಾವನ ವಿಷಯದಲ್ಲಿ ಯಾರೂ ನೋಡಲಿಲ್ಲ. ಇವತ್ತು ನನ್ನ ತಕರಾರು ಅಷ್ಟೇ.

ಮೊದಲು ಈ ಔಷಧಿ ಏನು ಮಾಡುತ್ತದೆ ಅಂತ ಬೇಗ ಹೇಳಿಬಿಡುತ್ತೇನೆ. ನಮ್ಮ ರಕ್ತದಲ್ಲಿ ಟಿ ಸೆಲ್ ಅಂತ ಕಾವಲಿನ ಕಣಗಳಿವೆ. ಅವು ಸಿಕ್ಕಸಿಕ್ಕವರ ಮೇಲೆ ಬೀಳಬಾರದು ಅಂತ ಅವಕ್ಕೆ ಬ್ರೇಕ್ ಇದೆ. ಒಂದು ಬ್ರೇಕ್ ಸಿಟಿಎಲ್‌ಎ-4, ಇನ್ನೊಂದು ಪಿಡಿ-1. ಕ್ಯಾನ್ಸರ್ ಕಣ ಈ ಬ್ರೇಕ್ ಒತ್ತಿ ಹಿಡಿದು ತಾನು ಪಾರಾಗುತ್ತದೆ. ಔಷಧಿ ಆ ಬ್ರೇಕನ್ನು ಬಿಡಿಸುತ್ತದೆ. ಅಮೆರಿಕದ ಜೇಮ್ಸ್ ಆ್ಯಲಿಸನ್, ಜಪಾನಿನ ತಸುಕು ಹೊಂಜೊ ಇಬ್ಬರಿಗೆ 2018ರಲ್ಲಿ ನೊಬೆಲ್ ಬಂದದ್ದು ಇದಕ್ಕೇ. ನಮ್ಮ ಪಕ್ಕದ ಹೈದರಾಬಾದಿನಲ್ಲಿ ಹುಟ್ಟಿದ ರಫಿ ಅಹ್ಮದ್ ಅನ್ನುವ ವಿಜ್ಞಾನಿ ಅಟ್ಲಾಂಟಾದ ಎಮೋರಿ ಯೂನಿವರ್ಸಿಟಿಯಲ್ಲಿದ್ದಾರೆ. ಬಹಳ ದಿನ ಒಂದೇ ವೈರಸ್ ಜೊತೆ ಹೊಡೆದಾಡಿದ ಟಿ ಸೆಲ್‌ಗಳು ಸುಸ್ತಾಗಿ ಕೈಚೆಲ್ಲುತ್ತವೆ, ಆ ಸುಸ್ತಿನ ಹಿಂದೆ ಪಿಡಿ-1 ಇದೆ, ಅದನ್ನು ತಡೆದರೆ ಮತ್ತೆ ಎದ್ದು ನಿಲ್ಲುತ್ತವೆ ಅಂತ 2006ರಲ್ಲಿ ಇಲಿಗಳಲ್ಲಿ ತೋರಿಸಿದವರು ಅವರ ತಂಡದವರು.

ಗೆದ್ದವರ ಕಥೆ ನಿಮಗೆ ಗೊತ್ತೇ ಇರುತ್ತದೆ. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್‌ಗೆ 2015ರಲ್ಲಿ ಮೆಲನೋಮ ಅನ್ನುವ ಚರ್ಮದ ಕ್ಯಾನ್ಸರ್ ಮೆದುಳಿಗೆ ಹೋಗಿತ್ತು, ಈ ಔಷಧಿ ಮತ್ತು ರೇಡಿಯೇಷನ್ ತಗೊಂಡು ಅವರು 100 ವರ್ಷ ಬದುಕಿದರು. 2022ರಲ್ಲಿ ನ್ಯೂಯಾರ್ಕಿನಲ್ಲಿ ಗುದನಾಳದ ಕ್ಯಾನ್ಸರ್ ಇದ್ದ 12 ಜನರಿಗೂ ಗಡ್ಡೆ ಪೂರ್ತಿ ಮಾಯವಾಯಿತು ಅಂತ ಸುದ್ದಿ ಬಂದಾಗ ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೇ ನಾಲ್ಕು ಸಲ ಬಂತು, ಕ್ಯಾನ್ಸರ್‌ಗೆ ಮದ್ದು ಸಿಕ್ಕಿತು ಅಂತ. ಆ ಸುದ್ದಿ ನಿಜವೇ. ಆದರೆ ಆ 12 ಜನರ ಗಡ್ಡೆ ಒಂದು ವಿಶೇಷ ಜಾತಿಯದು. ಅದರಲ್ಲಿ ಡಿಎನ್‌ಎ ತಪ್ಪು ತಿದ್ದುವ ವ್ಯವಸ್ಥೆಯೇ ಕೆಟ್ಟಿರುತ್ತದೆ, ಹಾಗಾಗಿ ತಪ್ಪುಗಳು ರಾಶಿ ಬಿದ್ದಿರುತ್ತವೆ, ಕಾವಲಿನವರ ಕಣ್ಣಿಗೆ ಅಂಥ ಗಡ್ಡೆ ಸುಲಭವಾಗಿ ಬೀಳುತ್ತದೆ. ಗುದನಾಳದ ಕ್ಯಾನ್ಸರ್‌ಗಳಲ್ಲಿ ಅಂಥದ್ದು ನೂರಕ್ಕೆ ಐದೋ ಹತ್ತೋ ಅಷ್ಟೇ. ಇದನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ. ಮಾವನಂಥ ತಲೆ-ಕುತ್ತಿಗೆ ಕ್ಯಾನ್ಸರ್‌ಗೆ ಬನ್ನಿ. ಕೀಮೋ ಆದ ಮೇಲೂ ಬೆಳೆದ ಗಡ್ಡೆಗೆ, ಪಿಡಿ-1 ಬ್ರೇಕ್ ಬಿಡಿಸುವ ನಿವೊಲುಮ್ಯಾಬ್ ಅನ್ನುವ ಔಷಧಿ ಕೊಟ್ಟು ನೋಡಿದ ದೊಡ್ಡ ಟ್ರಯಲ್ 2016ರಲ್ಲಿ ಪ್ರಕಟವಾಯಿತು. ಗಡ್ಡೆ ಚೆನ್ನಾಗಿ ಕುಗ್ಗಿದ್ದು ನೂರಕ್ಕೆ ಸುಮಾರು 13 ಜನರಲ್ಲಿ.

ಉಳಿದ 87 ಜನ ಎಲ್ಲಿ ಹೋದರು? ಅವರ ಕಥೆ ಯಾರು ಓದುತ್ತಾರೆ?

ಅದೇ 2016ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಆಂಟೊನಿ ರಿಬಾಸ್ ಅನ್ನುವ ಡಾಕ್ಟರ ತಂಡ ಒಂದು ಕೆಲಸ ಮಾಡಿತು. ನನಗೆ ಈ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಮನಸ್ಸಿಗೆ ತಟ್ಟಿದ್ದು ಅದು. ಅವರು ತಗೊಂಡದ್ದು ನಾಲ್ಕೇ ಜನರನ್ನು. ನಾಲ್ವರಿಗೂ ಮೆಲನೋಮ. ನಾಲ್ವರಿಗೂ ಪಿಡಿ-1 ಔಷಧಿ ಮೊದಲು ಚೆನ್ನಾಗಿ ಕೆಲಸ ಮಾಡಿತ್ತು, ಗಡ್ಡೆ ಕರಗಿತ್ತು, ಆಮೇಲೆ ವಾಪಸ್ ಬಂದಿತ್ತು. ಮಾವನ ಹಾಗೇ. ಆ ತಂಡ ಮಾಡಿದ್ದು ಇಷ್ಟು: ಔಷಧಿ ಶುರುವಾಗುವ ಮುಂಚಿನ ಚೂರು ಒಂದು, ವಾಪಸ್ ಬಂದ ಗಡ್ಡೆಯ ಚೂರು ಒಂದು, ಎರಡನ್ನೂ ಪಕ್ಕಪಕ್ಕ ಇಟ್ಟು ಡಿಎನ್‌ಎ ಓದಿದರು. ಮೊದಲನೆಯದರಲ್ಲಿ ಇಲ್ಲದ್ದು ಎರಡನೆಯದರಲ್ಲಿ ಏನಿದೆ?

ಒಬ್ಬರಲ್ಲಿ ಬಿ2ಎಂ ಅನ್ನುವ ಜೀನ್ ಮುರಿದಿತ್ತು. ಇದನ್ನು ಹೀಗೆ ಹೇಳುತ್ತೇನೆ. ನಮ್ಮ ದೇಹದ ಹೆಚ್ಚುಕಡಿಮೆ ಪ್ರತಿಯೊಂದು ಕಣವೂ ಒಳಗೆ ಏನು ತಯಾರಾಗುತ್ತಿದೆಯೋ ಅದರ ಚೂರುಪಾರನ್ನು ತಂದು ಮನೆ ಮುಂದಿನ ಜಗಲಿಯ ಮೇಲೆ ಇಡುತ್ತದೆ. ಟಿ ಸೆಲ್ ಬೀದಿಯಲ್ಲಿ ಹೋಗುತ್ತಾ ಜಗಲಿ ನೋಡುತ್ತದೆ. ಏನೋ ಸರಿಯಿಲ್ಲ ಅನ್ನಿಸಿದರೆ ನುಗ್ಗುತ್ತದೆ. ಬಿ2ಎಂ ಅಂದರೆ ಆ ಜಗಲಿಯ ಕಲ್ಲು. ಅದು ಹೋದರೆ ಜಗಲಿಯೇ ಇಲ್ಲ, ಟಿ ಸೆಲ್‌ಗೆ ನೋಡಲು ಏನೂ ಇಲ್ಲ, ಬ್ರೇಕ್ ಬಿಟ್ಟರೂ ಅಷ್ಟೇ, ಹಿಡಿದರೂ ಅಷ್ಟೇ. ಇನ್ನಿಬ್ಬರಲ್ಲಿ ಜಾಕ್-1, ಜಾಕ್-2 ಅನ್ನುವ ಜೀನ್‌ಗಳು ಕೆಟ್ಟಿದ್ದವು, ಒಬ್ಬರಲ್ಲಿ ಒಂದು. ಟಿ ಸೆಲ್ ಬಂದಾಗ ಇಂಟರ್‌ಫೆರಾನ್ ಅನ್ನುವ ರಾಸಾಯನಿಕ ಬಿಡುತ್ತದೆ, ಅದು ಬಾಗಿಲು ಬಡಿದ ಹಾಗೆ, ಬೆಳೆಯುವುದು ನಿಲ್ಲಿಸು ಅಂತ. ಆ ಸದ್ದನ್ನು ಒಳಗೆ ಮುಟ್ಟಿಸುವುದು ಜಾಕ್. ಇಲ್ಲಿ ಮುಟ್ಟಿಸುವವರೇ ಇಲ್ಲ. ಹೊರಗೆ ಬಡಿಯುತ್ತಲೇ ಇದ್ದಾರೆ, ಒಳಗಿನವರಿಗೆ ಕೇಳುವುದಿಲ್ಲ.

ನಾಲ್ಕನೆಯವರಲ್ಲಿ ಇಂಥದ್ದು ಏನೂ ಸಿಗಲಿಲ್ಲ.

ಅದನ್ನೂ ಹಾಗೇ ಬರೆದು ಪ್ರಕಟಿಸಿದರು. ನನಗೆ ಅದು ತುಂಬಾ ಇಷ್ಟವಾಯಿತು. ಮೂವರಲ್ಲಿ ಸಿಕ್ಕಿದೆ, ಒಬ್ಬರಲ್ಲಿ ಸಿಕ್ಕಿಲ್ಲ, ಇನ್ನೂ ಹುಡುಕಬೇಕು. ಈ ನಾಲ್ಕು ಜನರಲ್ಲಿ ಯಾರ ವಿಲ್ ಪವರೂ ಕಡಿಮೆ ಇರಲಿಲ್ಲ ಅಂತ ನಾನು ಆ ತಿಥಿ ಊಟದ ಪಂಕ್ತಿಗೆ ಹೋಗಿ ಹೇಳಬೇಕು ಅನ್ನಿಸುತ್ತದೆ.

ಇವಿಷ್ಟೇ ಕಾರಣ ಅಲ್ಲ. ಪ್ಯಾಂಕ್ರಿಯಾಸ್ ಕ್ಯಾನ್ಸರ್‌ನಲ್ಲಿ ಗಡ್ಡೆಯ ಸುತ್ತ ನಾರಿನ ಗೋಡೆ ಎದ್ದಿರುತ್ತದೆ, ಟಿ ಸೆಲ್‌ಗಳು ಒಳಗೆ ಬಂದಿರುವುದೇ ಕಡಿಮೆ. ಬಸ್ಸೇ ಬರದ ಊರಿನಲ್ಲಿ ಬ್ರೇಕ್ ಬಿಡಿಸಿ ಏನು ಮಾಡೋದು? ಇನ್ನೊಂದು, ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾ. ಇದು ಮೊದಲು ಓದಿದಾಗ ನನಗೆ ನಂಬೋಕೆ ಆಗಲಿಲ್ಲ. ಈ ಚಿಕಿತ್ಸೆಯ ಆಸುಪಾಸಿನಲ್ಲಿ ಆ್ಯಂಟಿಬಯೋಟಿಕ್ ತಗೊಂಡಿದ್ದವರಿಗೆ ಫಲ ಕಡಿಮೆ ಸಿಕ್ಕಿದೆ ಅಂತ 2018ರಲ್ಲಿ ಫ್ರಾನ್ಸಿನ ತಂಡ ತೋರಿಸಿತು. 2021ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಇನ್ನೂ ಮುಂದೆ ಹೋದರು. ಔಷಧಿ ಕೆಲಸ ಮಾಡದ 15 ಮೆಲನೋಮ ರೋಗಿಗಳಿಗೆ, ಅದೇ ಥರದ ಔಷಧಿಯಿಂದ ಚೆನ್ನಾಗಿ ಫಲ ಸಿಕ್ಕವರ ಮಲದಿಂದ ತೆಗೆದ ಬ್ಯಾಕ್ಟೀರಿಯಾವನ್ನು ಕರುಳಿಗೆ ಸೇರಿಸಿ, ಮತ್ತೆ ಔಷಧಿ ಕೊಟ್ಟರು. 6 ಜನರಿಗೆ ಪ್ರಯೋಜನವಾಯಿತು. ಇದನ್ನು ಕೇಳಿ ಯಾರೂ ಡಾಕ್ಟರ್ ಕೊಟ್ಟ ಆ್ಯಂಟಿಬಯೋಟಿಕ್ ನಿಲ್ಲಿಸಬೇಡಿ, ದಯವಿಟ್ಟು. ಸೋಂಕು ಬಂದರೆ ಅದೇ ಮೊದಲು ಪ್ರಾಣ ತೆಗೆಯುತ್ತದೆ. ಮೆಡಿಕಲ್ ಶಾಪಿಗೆ ಹೋಗಿ ನಾವೇ ಕೇಳಿ ಸುಮ್ನೆ ತಗೊಳ್ತೀವಲ್ಲ, ಅದನ್ನು ಬಿಡಿ ಅಂತಷ್ಟೇ ನಾನು ಹೇಳೋದು.

ಈಗ ನಮ್ಮ ಮನೆ ಬಾಗಿಲಿಗೆ ಬರುತ್ತೇನೆ. ಭಾರತದ ಗಂಡಸರಲ್ಲಿ ಎಲ್ಲಕ್ಕಿಂತ ಜಾಸ್ತಿ ಬರುವ ಕ್ಯಾನ್ಸರ್ ಬಾಯಿಯದು. ಜರ್ದಾ ಇಟ್ಟುಕೊಳ್ಳುವ ಜಾಗ, ಕೆನ್ನೆ ಮತ್ತು ಒಸಡಿನ ಸಂದಿ. ಆ ಜಾಗದ ಗಡ್ಡೆಗಳ ಡಿಎನ್‌ಎಯನ್ನು ನಮ್ಮವರೇ, ಬಂಗಾಳದ ಕಲ್ಯಾಣಿಯ ಸಂಸ್ಥೆ ಮತ್ತು ಮುಂಬೈನ ಟಾಟಾ ಮೆಮೋರಿಯಲ್ ಸೇರಿ, ಓದಿ 2013ರಲ್ಲಿ ಪ್ರಕಟಿಸಿದರು. ಪದೇ ಪದೇ ಕೆಟ್ಟಿದ್ದ ಜೀನ್‌ಗಳಲ್ಲಿ ಒಂದು ಕ್ಯಾಸ್ಪ್-8. ಅದರ ಕೆಲಸ ಏನು ಗೊತ್ತಾ? ಟಿ ಸೆಲ್ ಬಂದು "ಸಾಯಿ" ಅಂತ ಹೇಳುವ ದಾರಿಗಳಲ್ಲಿ ಒಂದು ಇದರ ಮೂಲಕ ಹೋಗುತ್ತದೆ. ಕ್ಯಾಸ್ಪ್-8 ಕೆಟ್ಟರೆ ಕಣ ಆ ಮಾತು ಕೇಳುವುದಿಲ್ಲ. ಅಂದರೆ ನಮ್ಮ ಜರ್ದಾ ಗಡ್ಡೆಗಳಲ್ಲಿ ಕೆಲವು, ಔಷಧಿ ಕೊಡುವ ಮುಂಚೆಯೇ ಕಾವಲಿನವರಿಂದ ತಪ್ಪಿಸಿಕೊಳ್ಳುವ ಒಂದು ದಾರಿ ಕಲಿತಿರಬಹುದು.

ಮಾವನ ಗಡ್ಡೆಯಲ್ಲಿ ಅದು ಕೆಟ್ಟಿತ್ತಾ? ಜಗಲಿ ಕಲ್ಲು ಹೋಗಿತ್ತಾ? ಜಾಕ್ ಹೋಗಿತ್ತಾ? ಪೂರ್ತಿ ಗೊತ್ತಾಗುವ ದಾರಿ ಮುಚ್ಚಿದೆ. ಮೊದಲನೇ ಚೂರು ಬೀರುವಿನಲ್ಲಿದೆ. ಎರಡನೇ ಚೂರು ತೆಗೆಯಲೇ ಇಲ್ಲ. ಗಡ್ಡೆ ವಾಪಸ್ ಬಂದಾಗ ಆಸ್ಪತ್ರೆಯಲ್ಲಿ, ಹೆಸರು ಹೇಳುವುದಿಲ್ಲ, ಸ್ಕ್ಯಾನ್ ನೋಡಿದರು, ಔಷಧಿ ನಿಲ್ಲಿಸಿದರು, ಮನೆಗೆ ಕರಕೊಂಡು ಹೋಗಿ ಅಂದರು. ಐದು ನಿಮಿಷ ಆಗಿರಬಹುದು. ನಾನು ಕೇಳಿದೆ, ಯಾಕೆ ಹೀಗಾಯ್ತು ಸಾರ್? ಕೆಲವರಿಗೆ ಹಾಗೇ ಆಗುತ್ತೆ ಅಂದರು. ಹೊರಗೆ ಕಾರಿಡಾರ್ ತುಂಬಾ ಜನ ಕಾಯುತ್ತಿದ್ದರು, ಆ ಡಾಕ್ಟರನ್ನು ಬೈಯ್ಯಲು ನನಗೆ ಮನಸ್ಸಿಲ್ಲ.

ಆದರೂ ಇದು ಬದಲಾಗಬೇಕು. ಈ ಔಷಧಿ ನಿಂತುಹೋದ ಪ್ರತಿಯೊಬ್ಬ ರೋಗಿಯನ್ನೂ, ಆಗುವಂಥ ಸ್ಥಿತಿಯಲ್ಲಿದ್ದರೆ, ಒಂದು ಮಾತು ಕೇಳಬೇಕು: ಇನ್ನೊಂದು ಚೂರು ತೆಗೆದಿಡಬಹುದಾ? ಒತ್ತಾಯ ಬೇಡ. ಬಯಾಪ್ಸಿ ನೋಯುತ್ತದೆ, ರಕ್ತ ಹೋಗುತ್ತದೆ, ಕೊಟ್ಟವರಿಗೇ ಅದರಿಂದ ಲಾಭ ಸಿಗುವುದು ಅಪರೂಪ. ಇದನ್ನೆಲ್ಲ ಕನ್ನಡದಲ್ಲಿ, ಕೂತು, ನಿಧಾನವಾಗಿ ಹೇಳಿ ಕೇಳಬೇಕು. ಖರ್ಚು ರೋಗಿಯ ತಲೆಗೆ ಕಟ್ಟಬಾರದು, ಎರಡು ಎಕರೆ ಮಾರಿದವರ ಹತ್ತಿರ ಇನ್ನೇನು ಉಳಿದಿರುತ್ತದೆ? ಸರ್ಕಾರ ಕೊಡಬೇಕು, ಔಷಧಿ ಕಂಪನಿಗಳೂ ಕೊಡಬೇಕು. ಕೀಟ್ರೂಡಾ ಅನ್ನುವ ಪಿಡಿ-1 ಔಷಧಿ ಒಂದೇ 2023ರಲ್ಲಿ 25 ಬಿಲಿಯನ್ ಡಾಲರ್ ಮಾರಾಟವಾಗಿದೆ, ಪ್ರಪಂಚದ ಔಷಧಿಗಳಲ್ಲೇ ಆ ವರ್ಷ ಎಲ್ಲಕ್ಕಿಂತ ಜಾಸ್ತಿ.

ನಮ್ಮಲ್ಲಿ ಇಂಥ ಕೆಲಸ ಆಗುವುದಿಲ್ಲ ಅನ್ನುವವರಿಗೆ ಒಂದು ವಿಷಯ. ಟಾಟಾ ಮೆಮೋರಿಯಲ್‌ನ ಡಾಕ್ಟರುಗಳು ತಲೆ-ಕುತ್ತಿಗೆ ಕ್ಯಾನ್ಸರ್ ಇದ್ದ 151 ಜನರ ಮೇಲೆ ಒಂದು ಟ್ರಯಲ್ ಮಾಡಿದರು. ಬೇರೆ ದೇಶಗಳಲ್ಲಿ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ ಕೊಡುವ ನಿವೊಲುಮ್ಯಾಬನ್ನು ಇವರು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟರು, ಜೊತೆಗೆ ಕಡಿಮೆ ಬೆಲೆಯ ಮೂರು ಮಾತ್ರೆ. ಬರೀ ಮಾತ್ರೆ ತಗೊಂಡವರಲ್ಲಿ ಒಂದು ವರ್ಷ ಬದುಕಿದ್ದವರು ನೂರಕ್ಕೆ 16. ಜೊತೆಗೆ ಈ ಚಿಕ್ಕ ಡೋಸ್ ತಗೊಂಡವರಲ್ಲಿ 43. ದುಡ್ಡಿಲ್ಲದ ರೋಗಿಗಳ ಕಷ್ಟ ನೋಡಿ ಹುಟ್ಟಿದ ಪ್ರಶ್ನೆ ಅದು, ನಮ್ಮವರೇ ಕೇಳಿದ್ದು, ನಮ್ಮವರೇ ಉತ್ತರ ತೆಗೆದದ್ದು. ಹಾಗಿದ್ದ ಮೇಲೆ, ಒಂದು ವರ್ಷ ದಾಟದ, ನೂರಕ್ಕೆ ಆ ಉಳಿದ 57 ಜನರಲ್ಲಿ ಏನಾಯಿತು ಅನ್ನುವ ಪ್ರಶ್ನೆಯನ್ನೂ ಇಲ್ಲೇ ಕೇಳಬಹುದು. ಅವರ ಗಡ್ಡೆ ಲಾಸ್ ಏಂಜಲೀಸ್‌ನ ಮೆಲನೋಮ ಅಲ್ಲ. ಅದರ ಉತ್ತರ ಅಲ್ಲಿ ಸಿಗುವುದಿಲ್ಲ.

ಮನೆಯಲ್ಲಿ ಈಗ ಈ ಚಿಕಿತ್ಸೆ ನಡೆಯುತ್ತಿದ್ದರೆ ನೀವೂ ಕೇಳಿ. ಬ್ಲಾಕ್ ಎಲ್ಲಿದೆ ಅಂತ ಕೇಳಿ. ಔಷಧಿ ನಿಲ್ಲಿಸುವ ದಿನ ಬಂದರೆ, ಯಾಕೆ ಅಂತ ನೋಡುವ ಯಾವುದಾದರೂ ಸ್ಟಡಿ ಇದೆಯಾ ಅಂತ ಕೇಳಿ. ಇಲ್ಲ ಅಂದರೂ ಪರವಾಗಿಲ್ಲ, ಕೇಳುವವರು ಇದ್ದಾರೆ ಅಂತ ಅವರಿಗೆ ಗೊತ್ತಾಗಲಿ.

ಕಳೆದ ಏಪ್ರಿಲ್‌ನಲ್ಲಿ ಅತ್ತೆ ಫೋನ್ ಮಾಡಿದ್ದರು. ಬಳ್ಳಾರಿ ಬಿಸಿಲು, ಬೀರು ಮುಟ್ಟಿದರೆ ಸುಡುತ್ತೆ, ಆ ಮೇಣ ಕರಗಲ್ಲ ಅಲ್ವಾ ಅಂತ. ಆ ಮೇಣ ಅಷ್ಟಕ್ಕೆಲ್ಲ ಕರಗಲ್ಲ ಅತ್ತೆ, ಆದರೂ ಕೆಳಗಿನ ಖಾನೆಗೆ ಇಡಿ, ತಂಪಿರುತ್ತೆ ಅಂದೆ. ಇಟ್ಟಿದ್ದಾರೆ. ಯಾರಾದರೂ ಕೇಳಿಕೊಂಡು ಬಂದರೆ ಹುಡುಕೋದು ಬೇಡ ಅಂತ ಕವರಿನ ಮೇಲೆ ಮಾವನ ಹೆಸರನ್ನೂ ಬರೆದಿದ್ದಾರೆ.